ಚಿತ್ರದ ಮೂಲಪ್ರತಿ

ಕಂಡದ್ದನ್ನು ಕಂಡ ಹಾಗೆಯೇ ಉಳಿಸಿಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಬಹು ಹಳೆಯದು. ಕಲ್ಲಿನ ಮೇಲೆ ಶಾಸನ ಕೊರೆದವನಿಗೂ, ಓಲೆಗರಿಯ ಮೇಲೆ ಕಂಟದ ಮೊನೆಯಿಂದ ಕಾವ್ಯವನ್ನು ಪ್ರತಿಮಾಡಿದವನಿಗೂ, ಇಂದು ಮೊಬೈಲು ಹಿಡಿದು ಮೊಮ್ಮಗುವಿನ ನಗೆಯನ್ನು ಸೆರೆಹಿಡಿಯುವ ಅಜ್ಜಿಗೂ ಇರುವುದು ಆ ಒಂದೇ ಆಸೆ. ಸಾಧನಗಳು ಬದಲಾದವು, ಆಸೆ ಬದಲಾಗಲಿಲ್ಲ. ಆ ಆಸೆಯ ಬೆನ್ನಿಗೇ ನಡೆದುಬಂದ ತೊಡಕೂ ಬದಲಾಗಲಿಲ್ಲ. ಪ್ರತಿಯಿಂದ ಪ್ರತಿಗೆ ಸಾಗಿದಂತೆಲ್ಲ ಮೂಲದ ಮೊನಚು ಸವೆಯುತ್ತದೆ.

ಡಿಜಿಟಲ್ ಛಾಯಾಚಿತ್ರ ಬಂದ ಮೇಲೆ ಈ ಸವೆತ ನಿಂತಿತೆಂದು ಅನೇಕರು ತಿಳಿದಿದ್ದಾರೆ. ಅದು ಅರ್ಧ ಮಾತ್ರ ನಿಜ. ಕ್ಯಾಮರಾದಲ್ಲಿ ಮೂಡಿದ ಚಿತ್ರದ ಕಡತವನ್ನು ಇದ್ದಂತೆಯೇ ನಕಲು ಮಾಡಿದರೆ ಸಾವಿರದ ಒಂದನೆಯ ನಕಲೂ ಮೊದಲನೆಯದಕ್ಕೆ ಸರಿಸಮನಾಗಿರುತ್ತದೆ. ಯಾವ ಲಿಪಿಕಾರನೂ ಸಾಧಿಸಲಾರದ ನಿಷ್ಠೆ ಅದು. ಆದರೆ ನಾವು ಚಿತ್ರವನ್ನು ಇದ್ದಂತೆಯೇ ಬಿಡುವುದು ಅಪರೂಪ. ಬೆಳಕು ತಿದ್ದುತ್ತೇವೆ, ಅಂಚು ಕತ್ತರಿಸುತ್ತೇವೆ, ಗಾತ್ರ ಕುಗ್ಗಿಸುತ್ತೇವೆ, ಇನ್ನೊಬ್ಬರಿಗೆ ಕಳುಹಿಸುತ್ತೇವೆ. ತಿದ್ದುವ ಹೊತ್ತಿನಲ್ಲಿ ಕಣ್ಣಿಗೆ ಕಟ್ಟುವಂತಿದ್ದ ಚಿತ್ರ ಹೊರಗೆ ಹೋದೊಡನೆ ಮಬ್ಬಾಯಿತೇಕೆ ಎಂದು ಆಮೇಲೆ ಅಚ್ಚರಿಪಡುತ್ತೇವೆ. ಈ ಮಬ್ಬು ಹುಟ್ಟುವುದು ಎಲ್ಲಿ, ಅದನ್ನು ತಡೆಯುವ ಬಗೆ ಯಾವುದು ಎಂಬುದೇ ನನ್ನ ಈ ಮಾತಿನ ವಸ್ತು. ನಾನು ಯಂತ್ರಶಾಸ್ತ್ರ ಓದಿದವನಲ್ಲ. ಬಹುಕಾಲ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನಶಾಸ್ತ್ರ ಓದಿದವರಿಗೆ ಈ ಸಮಸ್ಯೆ ತೀರ ಅಪರಿಚಿತವೆನಿಸುವುದಿಲ್ಲ. ಮೂಲಪ್ರತಿ, ಪ್ರತಿಯ ಪ್ರತಿ, ಲಿಪಿಕಾರನ ಸ್ಖಾಲಿತ್ಯ, ಪ್ರಕ್ಷೇಪ ಎಂದು ನಾವು ಅಲ್ಲಿ ಕಲಿತದ್ದೆಲ್ಲ ಇಲ್ಲಿ ಬೇರೆ ವೇಷದಲ್ಲಿ ಎದುರಾಗುತ್ತದೆ.

ಮೊದಲು ಚಿತ್ರದ ಸ್ವರೂಪವನ್ನು ತಿಳಿಯೋಣ. ಡಿಜಿಟಲ್ ಚಿತ್ರವೆಂಬುದು ನಮ್ಮ ಮನೆಯ ಹೆಣ್ಣುಮಕ್ಕಳು ಬಾಗಿಲ ಮುಂದೆ ಇಡುವ ಚುಕ್ಕಿ ರಂಗೋಲಿಯ ಜಾತಿಗೆ ಸೇರಿದ್ದು. ಅಡ್ಡಕ್ಕೆ ಇಷ್ಟು ಚುಕ್ಕಿ, ಉದ್ದಕ್ಕೆ ಇಷ್ಟು ಚುಕ್ಕಿ. ಒಂದೊಂದು ಚುಕ್ಕಿಗೂ ಒಂದೊಂದು ಬಣ್ಣ. ಈ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ಅಡ್ಡಕ್ಕೆ 3000, ಉದ್ದಕ್ಕೆ 4000 ಚುಕ್ಕಿಗಳಿರುವ ಚಿತ್ರದಲ್ಲಿ ಒಟ್ಟು 1 ಕೋಟಿ 20 ಲಕ್ಷ ಚುಕ್ಕಿಗಳು. ಇದನ್ನೇ ಅಂಗಡಿಯವರು 12 ಮೆಗಾಪಿಕ್ಸೆಲ್ ಎನ್ನುತ್ತಾರೆ. ಹದಿನೈದು ಚುಕ್ಕಿಯ ರಂಗೋಲಿಯನ್ನು ಏಳೇ ಚುಕ್ಕಿಯಲ್ಲಿ ಇಡಬೇಕೆಂದರೆ ಕೆಲವು ಎಳೆಗಳನ್ನು ಕೈಬಿಡಲೇಬೇಕು. ಏಳು ಚುಕ್ಕಿಯದನ್ನು ಮಾತ್ರ ಕಂಡವರು ಕೈಬಿಟ್ಟ ಆ ಎಳೆಗಳನ್ನು ಮತ್ತೆ ಹೇಗೆ ತಂದಾರು? ಚಿತ್ರವನ್ನು ಕುಗ್ಗಿಸುವುದು ಸುಲಭ. ಕುಗ್ಗಿದ್ದನ್ನು ಹಿಗ್ಗಿಸಿದರೆ ಚುಕ್ಕಿಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಕಳೆದುಹೋದ ವಿವರ ಮರಳುವುದಿಲ್ಲ.

ಈ ಚಿಕ್ಕ ಲೆಕ್ಕ ಮನೆಗಳಲ್ಲಿ ನೋವಿಗೆ ಕಾರಣವಾಗುವುದನ್ನು ನಾನು ಬಲ್ಲೆ. ಕಲಾಸಿಪಾಳ್ಯದ ನಮ್ಮ ಬೀದಿಯಲ್ಲಿ ಹಿರಿಯರೊಬ್ಬರು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನಕ್ಕೆ ಅವರ ಭಾವಚಿತ್ರವನ್ನು ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಬೇಕೆಂದು ಮಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೊರಟ. ಚಿತ್ರ ಚೆನ್ನಾಗಿಯೇ ಇತ್ತು. ಯಾವುದೋ ಮದುವೆಯಲ್ಲಿ ಯಾರೋ ತೆಗೆದದ್ದು, ಮೊಬೈಲಿನಿಂದ ಮೊಬೈಲಿಗೆ ಹಾದು ಬಂದದ್ದು. ಚೌಕಟ್ಟಿನ ಅಂಗಡಿಯವರು ಅದನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿ, "ಮೇಷ್ಟ್ರೇ, ಇದನ್ನು ದೊಡ್ಡದು ಮಾಡಿದರೆ ಯಜಮಾನರ ಮುಖವೇ ಬರೋದಿಲ್ಲ. ಮೊದಲು ತೆಗೆದ ಫೋಟೋ ಯಾರ ಹತ್ತಿರ ಇದೆಯೋ ಅವರಿಂದಲೇ ತರಿಸಿಕೊಡಿ" ಎಂದರು. ತೆಗೆದವರು ಯಾರೆಂಬುದು ಮನೆಯವರಾರಿಗೂ ನೆನಪಿರಲಿಲ್ಲ. ಕಡೆಗೆ ಅಂಗೈಯಗಲದ ಚಿತ್ರಕ್ಕೆ ಹಾರ ಹಾಕಬೇಕಾಯಿತು.

ಅಂಗಡಿಯವರ ಮಾತಿನ ಹಿಂದಿನ ಗಣಿತ ಹೀಗಿದೆ. ಕೈಯಲ್ಲಿ ಹಿಡಿದು ನೋಡುವ ಮುದ್ರಿತ ಚಿತ್ರಕ್ಕೆ ಅಂಗುಲವೊಂದಕ್ಕೆ 300 ಚುಕ್ಕಿಗಳಿದ್ದರೆ ಕಣ್ಣು ತೃಪ್ತಿಪಡುತ್ತದೆ. ಗೋಡೆಗೆ ತೂಗುಹಾಕಿ ನಾಲ್ಕು ಹೆಜ್ಜೆ ಆಚೆಯಿಂದ ನೋಡುವುದಕ್ಕೆ 200 ಇದ್ದರೂ ಸಾಲುತ್ತದೆ. 3000ಕ್ಕೆ 4000 ಚುಕ್ಕಿಗಳ ಮೂಲಚಿತ್ರವನ್ನು 12 ಅಂಗುಲಕ್ಕೆ 16 ಅಂಗುಲದ ಕಾಗದದ ಮೇಲೆ ಹರಡಿದರೆ ಅಂಗುಲಕ್ಕೆ 250 ಚುಕ್ಕಿ ಬೀಳುತ್ತದೆ. ಮುಖದ ಗೆರೆ, ಕನ್ನಡಕದ ಅಂಚು, ಪಂಚೆಯ ಜರಿ ಎಲ್ಲವೂ ನಿಲ್ಲುತ್ತವೆ. ಅದೇ ಚಿತ್ರ ಮೊಬೈಲಿನ ಸಂದೇಶವಾಗಿ ಕುಗ್ಗಿ 1200ಕ್ಕೆ 1600 ಚುಕ್ಕಿಯಾಗಿದ್ದರೆ ಅಂಗುಲಕ್ಕೆ ದಕ್ಕುವುದು 100 ಮಾತ್ರ. ಮೊಬೈಲಿನ ಪುಟ್ಟ ಪರದೆಯಲ್ಲಿ ಎರಡೂ ಒಂದೇ ಸಮನಾಗಿ ಕಾಣುತ್ತವೆ. ಸಣ್ಣ ಪರದೆ ಎಲ್ಲ ದೋಷವನ್ನೂ ಮುಚ್ಚುತ್ತದೆ. ದೊಡ್ಡ ಕಾಗದ ಎಲ್ಲವನ್ನೂ ಹೊರಗೆಡಹುತ್ತದೆ.

ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ ಕೆಲಸ ಮುಗಿದ ಚಿತ್ರವನ್ನು ಹೊರಕ್ಕೆ ಕಳುಹಿಸುವ ಕ್ರಿಯೆಗೆ ಎಕ್ಸ್‌ಪೋರ್ಟ್ ಎಂದು ಹೆಸರಿದೆ. ಕಲಾಸಿಪಾಳ್ಯದವನಾದ ನನಗೆ ಈ ಪದ ಬಹಳ ಹಿಡಿಸಿತು. ಸಾಮಾನು ಹೊರುವ, ಇಳಿಸುವ ಖಲಾಸಿಗಳು ನೆಲೆಸಿದ್ದ ಪಾಳ್ಯವಾದುದರಿಂದ ಈ ಹೆಸರು ಬಂತೆಂದು ಹೇಳುವುದುಂಟು; ಇಂದಿಗೂ ಬಸ್ಸು, ಲಾರಿ, ಪಾರ್ಸೆಲು ಕಚೇರಿಗಳ ಸದ್ದಿನ ನಡುವೆಯೇ ನಮ್ಮ ಬದುಕು. ಪಾರ್ಸೆಲು ಕಟ್ಟುವವನು ಕೇಳುವ ಮೊದಲ ಪ್ರಶ್ನೆ "ಎಲ್ಲಿಗೆ ಹೋಗಬೇಕು?" ಎಂಬುದು, ಎರಡನೆಯದು "ಒಳಗೆ ಏನಿದೆ?" ಎಂಬುದು. ಹೊಸೂರಿಗೆ ಹೋಗುವ ಕಟ್ಟು ಬೇರೆ, ಹುಬ್ಬಳ್ಳಿಗೆ ಹೋಗುವ ಕಟ್ಟು ಬೇರೆ. ಗಾಜಿನ ಸಾಮಾನಿನ ಕಟ್ಟು ಬೇರೆ, ಬಟ್ಟೆಯ ಕಟ್ಟು ಬೇರೆ. ಚಿತ್ರವನ್ನು ಹೊರಗೆ ಕಳುಹಿಸುವವರೂ ಈ ಎರಡು ಪ್ರಶ್ನೆಗಳನ್ನೇ ಕೇಳಿಕೊಂಡರೆ ಅರ್ಧ ಮಬ್ಬು ಅಲ್ಲಿಗೇ ನಿವಾರಣೆಯಾಗುತ್ತದೆ.

ಮೊದಲನೆಯ ಪ್ರಶ್ನೆಗೆ ಉತ್ತರ ಚುಕ್ಕಿಗಳ ಸಂಖ್ಯೆ. ನಾಲ್ಕಕ್ಕೆ ಆರು ಅಂಗುಲದ ಕಾಗದಕ್ಕಾದರೆ 1200ಕ್ಕೆ 1800 ಚುಕ್ಕಿ ಸಾಕು. ಸಾಧಾರಣ ಕಂಪ್ಯೂಟರಿನ ಪರದೆಯ ತುಂಬ ನೋಡುವುದಕ್ಕಾದರೆ ಅಡ್ಡಕ್ಕೆ 1920, ಎತ್ತರಕ್ಕೆ 1080. ಹೊಸ ಬಗೆಯ ದೊಡ್ಡ ಪರದೆಗಳಲ್ಲಿ ಇದು ಇಮ್ಮಡಿಯಾಗಿ 3840ಕ್ಕೆ 2160 ಆಗುತ್ತದೆ. ಈ ಅಳತೆಯನ್ನು ನಾವೇ ಗೊತ್ತುಮಾಡುವುದು ಒಳ್ಳೆಯದು. ನಾವು ಗೊತ್ತುಮಾಡದಿದ್ದರೆ ನಡುವಿನ ಮಧ್ಯವರ್ತಿ ಗೊತ್ತುಮಾಡುತ್ತಾನೆ. ಅವನಿಗೆ ನಮ್ಮ ಚಿತ್ರದ ಮೇಲೆ ಅಕ್ಕರೆಯಿಲ್ಲ, ಸಾಗಣೆಯ ಭಾರ ಕಡಿಮೆಯಾಗಬೇಕೆಂಬುದಷ್ಟೇ ಅವನ ಚಿಂತೆ. ವಾಟ್ಸ್‌ಆಪ್ 2023ರ ಆಗಸ್ಟಿನಲ್ಲಿ ಹೆಚ್ಚು ಸ್ಫುಟವಾದ ಚಿತ್ರ ಕಳುಹಿಸಲು ಎಚ್.ಡಿ. ಎಂಬ ಆಯ್ಕೆಯನ್ನು ತಂದಿತು. ಅದರಲ್ಲಿಯೂ ಸ್ವಲ್ಪ ಸಂಕೋಚವುಂಟು. ಚಿತ್ರವನ್ನು ಚಿತ್ರವೆಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಮಾತ್ರ ಕಡತ ಇದ್ದಂತೆಯೇ ತಲಪುತ್ತದೆ. ನಮ್ಮ ಬೀದಿಯ ಆ ಕುಟುಂಬಕ್ಕೆ ಮದುವೆಮನೆಯ ಚಿತ್ರ ಹೀಗೆ ಬಂದಿದ್ದರೆ ಗೋಡೆಯ ಮೇಲೆ ಹಿರಿಯರ ಮುಖ ಪೂರ್ಣವಾಗಿ ಉಳಿಯುತ್ತಿತ್ತು.

ಎರಡನೆಯ ಪ್ರಶ್ನೆ, ಒಳಗೆ ಏನಿದೆ ಎಂಬುದು. ಇದಕ್ಕೆ ಜೆಪೆಗ್ ಎಂಬ ಕಡತದ ಬಗೆಯನ್ನು ಸ್ವಲ್ಪ ಅರಿಯಬೇಕು. 1992ರಲ್ಲಿ ಮಾನಕವಾಗಿ ಗೊತ್ತಾದ ಈ ವಿಧಾನ ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕಿಗಳ ಪುಟ್ಟ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕದಲ್ಲಿಯೂ ನಿಧಾನವಾಗಿ ಬದಲಾಗುವ ಛಾಯೆಗಳನ್ನು ಜೋಪಾನವಾಗಿ ಇಟ್ಟುಕೊಂಡು, ಥಟ್ಟನೆ ಬದಲಾಗುವ ಸೂಕ್ಷ್ಮ ವಿವರಗಳನ್ನು ಒರಟಾಗಿ ದುಂಡುಮಾಡುತ್ತದೆ. ಆಕಾಶ, ಗೋಡೆ, ಕೆನ್ನೆ ಮೊದಲಾದ ಕಡೆ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ; ಕೂದಲು, ಎಲೆಯ ಅಂಚು, ಅಕ್ಷರಗಳ ಕಡೆ ಬೀಳುತ್ತದೆ. ಎಷ್ಟು ಒರಟಾಗಿ ದುಂಡುಮಾಡಬೇಕೆಂಬುದನ್ನು ಗುಣಮಟ್ಟದ ಅಂಕ ನಿರ್ಧರಿಸುತ್ತದೆ. ನೂರರ ಮಾನದಲ್ಲಿ 85ರಿಂದ 95ರ ನಡುವೆ ಇಟ್ಟರೆ ಸಾಮಾನ್ಯ ಚಿತ್ರಗಳಿಗೆ ಬಾಧಕವಿಲ್ಲ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಹೋಗಲಾಡಿಸಬೇಕು. ಜೆಪೆಗ್ ಚಿತ್ರವನ್ನು ತೆರೆದು ನೋಡಿದ ಮಾತ್ರಕ್ಕೆ ಅದು ಸವೆಯುವುದಿಲ್ಲ. ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿ ಉಳಿಸಿದಾಗ ದುಂಡುಮಾಡಿದ್ದನ್ನು ಪುನಃ ದುಂಡುಮಾಡಿದಂತಾಗುತ್ತದೆ. ಪ್ರತಿಯನ್ನು ನೋಡಿ ಪ್ರತಿ, ಅದನ್ನು ನೋಡಿ ಇನ್ನೊಂದು ಪ್ರತಿ ಎಂಬ ನಮ್ಮ ಓಲೆಗರಿಯ ಪರಂಪರೆಯೇ ಇದು.

ಬಣ್ಣದ ವಿಷಯದಲ್ಲಿ ಜೆಪೆಗ್ ಇನ್ನೂ ಜಿಪುಣ. ನಮ್ಮ ಕಣ್ಣು ಬೆಳಕು ನೆರಳಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸದು. ಇದನ್ನರಿತು, ಬೆಳಕನ್ನು ಚುಕ್ಕಿಚುಕ್ಕಿಗೂ ಬರೆದಿಟ್ಟು, ಬಣ್ಣವನ್ನು ಮಾತ್ರ ನಾಲ್ಕು ಚುಕ್ಕಿಗಳಿಗೆ ಒಂದರಂತೆ ಬರೆದಿಡುವುದು ಬಹಳ ಕಡೆ ರೂಢಿಯಲ್ಲಿದೆ. ಅರಿಸಿನದ ಬಣ್ಣದ ಕಾಗದದ ಮೇಲೆ ಕುಂಕುಮದ ಬಣ್ಣದ ಅಕ್ಷರಗಳಿರುವ ಲಗ್ನಪತ್ರಿಕೆಯನ್ನು ಮೊಬೈಲಿನಲ್ಲಿ ಕಳುಹಿಸಿದಾಗ ಅಕ್ಷರಗಳು ನೆನೆದ ಕುಂಕುಮದಂತೆ ಹರಡಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಕನ್ನಡ ಲಿಪಿಗೆ ಈ ಹರಡುವಿಕೆ ಬಹಳ ಅಪಾಯಕಾರಿ. ನಮ್ಮ ದಕಾರಕ್ಕೂ ಧಕಾರಕ್ಕೂ ಇರುವ ಭೇದ ಕೆಳಗಿನ ಒಂದು ಸಣ್ಣ ಸೀಳು. ಆ ಸೀಳು ಮಬ್ಬಿನಲ್ಲಿ ಮುಳುಗಿದರೆ "ಧನ" ಹೋಗಿ "ದನ" ಉಳಿಯುತ್ತದೆ. ಪಕಾರ ಷಕಾರಗಳ ನಡುವಣ ಗೀಟಿನ ಪಾಡೂ ಇದೇ. ಆದುದರಿಂದ ಅಕ್ಷರಗಳೇ ಮುಖ್ಯವಾದ ಚಿತ್ರಗಳಿಗೆ, ಎಂದರೆ ಆಹ್ವಾನಪತ್ರಿಕೆ, ಹಳೆಯ ಪುಸ್ತಕದ ಪುಟ, ಕೈಬರಹದ ಕಾಗದ ಇವುಗಳಿಗೆ, ಯಾವ ವಿವರವನ್ನೂ ಬಿಡದೆ ಮಡಿಸಿಡುವ ಪಿ.ಎನ್.ಜಿ. ಎಂಬ ಬಗೆ ಲೇಸು. 1996ರಲ್ಲಿ ಬಂದ ಈ ಬಗೆಯ ಕಡತ ತುಸು ಭಾರವಾದರೂ ಅಕ್ಷರವನ್ನು ಕೆಡಿಸುವುದಿಲ್ಲ.

ಇನ್ನು ಮೊನಚುಗೊಳಿಸುವ ಕ್ರಿಯೆ. ತಂತ್ರಾಂಶದಲ್ಲಿ ಒಂದು ಗುಂಡಿ ಒತ್ತಿದರೆ ಚಿತ್ರ ಚುರುಕಾಗುತ್ತದೆ. ಇದು ಮಂತ್ರದಂತೆ ತೋರಿದರೂ ಕತ್ತಲೆಕೋಣೆಯ ಕಾಲದ ಹಳೆಯ ಉಪಾಯ. ಆಗ ನೆಗೆಟಿವಿನಿಂದ ಬೇಕೆಂದೇ ಮಬ್ಬಾದ ಒಂದು ಪಾಸಿಟಿವ್ ಪ್ರತಿಯನ್ನು ತೆಗೆದು, ಎರಡನ್ನೂ ಒಂದರ ಮೇಲೊಂದು ಜೋಡಿಸಿ ಮುದ್ರಿಸುತ್ತಿದ್ದರು. ವಸ್ತುಗಳ ಅಂಚು ಎದ್ದು ಕಾಣುತ್ತಿತ್ತು. ಅನ್‌ಶಾರ್ಪ್ ಮಾಸ್ಕ್ ಎಂಬ ವಿಚಿತ್ರ ಹೆಸರು ಅದರಿಂದಲೇ ಬಂದದ್ದು. ಇಂದು ಗಣಕಯಂತ್ರ ಅದನ್ನೇ ಲೆಕ್ಕದಲ್ಲಿ ಮಾಡುತ್ತದೆ. ಮೂಲದಿಂದ ಮಬ್ಬು ಪ್ರತಿಯನ್ನು ಕಳೆದರೆ ಉಳಿಯುವುದು ಅಂಚುಗಳು; ಆ ಅಂಚುಗಳನ್ನು ಮೂಲಕ್ಕೆ ಕೂಡಿಸಿದರೆ ಕಪ್ಪು ಇನ್ನಷ್ಟು ಕಪ್ಪಾಗಿ, ಬಿಳಿ ಇನ್ನಷ್ಟು ಬಿಳಿಯಾಗಿ ಗಡಿ ಸ್ಪಷ್ಟವಾಗುತ್ತದೆ. ಕ್ಯಾಮರಾ ಅಲುಗಿ ಹೋದ ವಿವರವನ್ನು ಈ ಕ್ರಿಯೆ ಮರಳಿ ತರಲಾರದು; ಇರುವ ಗಡಿಯನ್ನು ಎತ್ತಿ ತೋರಿಸಬಲ್ಲದು, ಅಷ್ಟೆ.

ಇಲ್ಲಿ ಕ್ರಮವೇ ಮುಖ್ಯ. ಮೊದಲು ಗಾತ್ರ ಕುಗ್ಗಿಸಬೇಕು, ಮೊನಚುಗೊಳಿಸುವುದು ಕಟ್ಟಕಡೆಗೆ. ದೊಡ್ಡ ಚಿತ್ರಕ್ಕೆ ಮೊದಲೇ ಮೊನಚು ಕೊಟ್ಟು ಆಮೇಲೆ ಕುಗ್ಗಿಸಿದರೆ, ನಾಲ್ಕಾರು ಚುಕ್ಕಿಗಳನ್ನು ಬೆರೆಸಿ ಒಂದು ಮಾಡುವಾಗ ಕೊಟ್ಟ ಮೊನಚು ಕರಗಿಹೋಗುತ್ತದೆ. ತಿದ್ದುವಾಗ ಚೆನ್ನಾಗಿದ್ದ ಚಿತ್ರ ಹೊರಗೆ ಮಬ್ಬಾಗುವುದಕ್ಕೆ ನಾನು ಕಂಡ ಮುಖ್ಯ ಕಾರಣ ಇದು. ಕೊಡುವ ಪ್ರಮಾಣದಲ್ಲಿಯೂ ಹಿತಮಿತವಿರಬೇಕು. ಪರದೆಗಾಗಿ ಕುಗ್ಗಿಸಿದ ಚಿತ್ರಕ್ಕೆ ಒಂದು ಚುಕ್ಕಿಗಿಂತ ಕಡಿಮೆ ಅಗಲದ ಅಂಚು ಸಾಕು. ಕಾಗದದಲ್ಲಿ ಶಾಯಿ ತುಸು ಹರಡುವುದರಿಂದ ಅಲ್ಲಿಗೆ ಸ್ವಲ್ಪ ಹೆಚ್ಚು ಬೇಕು. ಪ್ರಮಾಣ ಮೀರಿದರೆ ಮನುಷ್ಯರ ತಲೆಯ ಸುತ್ತ, ಮರದ ಕೊಂಬೆಯ ಸುತ್ತ ಬಿಳಿಯ ಗೆರೆಯೊಂದು ಮೂಡುತ್ತದೆ. ಪ್ರಭಾವಳಿ ದೇವರ ಹಿಂದೆ ಶೋಭಿಸುತ್ತದೆ; ನೆರೆಮನೆಯವರ ಹಿಂದೆ ಶೋಭಿಸದು.

ಚಿತ್ರ ಸ್ಫುಟವಾಗಿದೆಯೇ ಇಲ್ಲವೇ ಎಂದು ತೀರ್ಮಾನಿಸುವ ಮೊದಲು ನಾವು ನೋಡುತ್ತಿರುವುದು ಏನನ್ನು ಎಂಬುದನ್ನು ವಿಚಾರಿಸಬೇಕು. 4000 ಚುಕ್ಕಿಗಳ ಚಿತ್ರವನ್ನು 1920 ಚುಕ್ಕಿಗಳ ಪರದೆಗೆ ಹೊಂದಿಸಿದಾಗ ತಂತ್ರಾಂಶ ಆ ಕ್ಷಣದಲ್ಲಿಯೇ ಕುಗ್ಗಿಸಿ ತೋರಿಸುತ್ತದೆ. ಒಂದು ತಂತ್ರಾಂಶ ಎಚ್ಚರದಿಂದ ಕುಗ್ಗಿಸೀತು, ಇನ್ನೊಂದು ಅವಸರದಿಂದ ಕುಗ್ಗಿಸೀತು. ಹೀಗೆ ಒಂದೇ ಕಡತ ಎರಡು ಕಡೆ ಎರಡು ಬಗೆಯಾಗಿ ಕಾಣುತ್ತದೆ. ಕಂಪ್ಯೂಟರಿನಲ್ಲಿ ಅಕ್ಷರಗಳು ದೊಡ್ಡದಾಗಿ ಕಾಣಲೆಂದು ಎಲ್ಲವನ್ನೂ ಒಂದೂವರೆ ಪಾಲು ಹಿಗ್ಗಿಸುವ ಏರ್ಪಾಡು ಇದ್ದರೆ 800 ಚುಕ್ಕಿಗಳ ಚಿತ್ರ 1200 ಚುಕ್ಕಿಗಳ ಜಾಗದಲ್ಲಿ ಹರಡಿ ಮೆತ್ತಗಾಗುವುದುಂಟು. ದೋಷ ನೋಟದ್ದು, ಕಡತದ್ದಲ್ಲ.

ಇದಕ್ಕೆ ಪರೀಕ್ಷೆ ಒಂದೇ. ಚಿತ್ರದ ಒಂದು ಚುಕ್ಕಿ ಪರದೆಯ ಒಂದು ಚುಕ್ಕಿಗೆ ಸಮನಾಗುವಂತೆ, ಎಂದರೆ ನೂರಕ್ಕೆ ನೂರರ ಅಳತೆಯಲ್ಲಿ ನೋಡಬೇಕು. ಶಾಸನಗಳ ಪಡಿಯಚ್ಚು ತೆಗೆಯುವವರು ಒದ್ದೆಯ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ಬಡಿದು ಅಕ್ಷರಗಳ ತಗ್ಗಿಗೆ ಇಳಿಸಿ, ಮೇಲೆ ಮಸಿ ಒತ್ತುತ್ತಾರೆ. ಕಲ್ಲಿನ ಅಕ್ಷರ ಎಷ್ಟು ದೊಡ್ಡದೋ ಕಾಗದದ ಅಕ್ಷರವೂ ಅಷ್ಟೇ ದೊಡ್ಡದು. ವಿದ್ವಾಂಸರು ಅದನ್ನು ನಂಬುವುದಕ್ಕೆ ಇದೂ ಒಂದು ಕಾರಣ. ನಮ್ಮ ನೂರಕ್ಕೆ ನೂರರ ನೋಟ ಚಿತ್ರದ ಪಡಿಯಚ್ಚು. ಆ ನೋಟದಲ್ಲಿ ಚಿತ್ರ ಸ್ಫುಟವಾಗಿದ್ದರೆ ಕೈ ಕಟ್ಟಿ ಕೂರಬೇಕು. ಮತ್ತೆ ಮೊನಚುಗೊಳಿಸಹೊರಟರೆ ಆರೋಗ್ಯವಂತನಿಗೆ ಔಷಧ ಕುಡಿಸಿದಂತೆ.

ಈಚಿನ ವರ್ಷಗಳಲ್ಲಿ ಇನ್ನೊಂದು ಆಮಿಷ ನಮ್ಮ ಮುಂದೆ ಬಂದಿದೆ. ಮಬ್ಬು ಚಿತ್ರವನ್ನು ಕೃತಕ ಬುದ್ಧಿಯ ತಂತ್ರಾಂಶಕ್ಕೆ ಒಪ್ಪಿಸಿದರೆ ಅದು ರೆಪ್ಪೆಯ ಕೂದಲನ್ನೂ ಎಣಿಸುವಂತೆ ಮಾಡಿಕೊಡುತ್ತದೆ. ಅದು ಮರಳಿ ತಂದ ವಿವರವಲ್ಲ, ಊಹಿಸಿ ತುಂಬಿದ ವಿವರ. ಬೇರೆ ಲಕ್ಷಾಂತರ ಮುಖಗಳನ್ನು ಕಂಡು, ಇಲ್ಲಿ ಇಂಥದೊಂದು ಕಣ್ಣು ಇರಬಹುದೆಂದು ಬರೆದದ್ದು. ಹುಳು ತಿಂದ ಗರಿಯಲ್ಲಿ ಅಳಿದ ಪಾದವನ್ನು ತನ್ನ ಛಂದಸ್ಸಿನ ಬಲದಿಂದ ಪೂರೈಸಿದ ಲಿಪಿಕಾರನ ಕೆಲಸವೂ ಇದೇ. ಸೊಗಸಾಗಿ ಪೂರೈಸಿದಷ್ಟೂ ಅವನನ್ನು ಹಿಡಿಯುವುದು ಕಷ್ಟ. ಪ್ರಕ್ಷೇಪವೆಂದು ನಾವು ಕರೆಯುವುದು ಇದನ್ನೇ. ಅಂಗಡಿಯವರು ಈ ಉಪಾಯವನ್ನೂ ಹೇಳಿದ್ದರು. ನಮ್ಮ ಬೀದಿಯ ಆ ಮಗ ಒಪ್ಪಲಿಲ್ಲ. "ಅದು ನಮ್ಮಪ್ಪ ಆಗೋದಿಲ್ಲ" ಎಂದುಬಿಟ್ಟ. ಗ್ರಂಥಸಂಪಾದನೆಯ ಒಂದು ಪಾಠವನ್ನು ಅಷ್ಟು ಚುಟುಕಾಗಿ ನಾನು ತರಗತಿಯಲ್ಲಿ ಹೇಳಿದ ನೆನಪಿಲ್ಲ.

ಮನೆಯ ಭಾವಚಿತ್ರಕ್ಕೆ ಅನ್ವಯಿಸುವ ಮಾತು ಊರಿನ ನೆನಪಿಗೂ ಅನ್ವಯಿಸುತ್ತದೆ. ಬಿ. ಎಲ್. ರೈಸ್ ಅವರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಅಲ್ಲಿ ದಾಖಲಾದ ಕಲ್ಲುಗಳಲ್ಲಿ ಎಷ್ಟೋ ಇಂದು ಇದ್ದ ಜಾಗದಲ್ಲಿಲ್ಲ. ರಸ್ತೆ, ಕಟ್ಟಡಗಳ ಕೆಳಗೆ ಮರೆಯಾಗಿವೆ. ಉಳಿದವನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಡುವ ಕಾರ್ಯವನ್ನು ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಆರಂಭಿಸಿತು. ಕಲ್ಲು ಅಳಿದ ದಿನ ಅದರ ಚಿತ್ರವೇ ಮೂಲವಾಗುತ್ತದೆ. ಹಾಗಾದಾಗ ಒಂದು ಗೀಟು ಕಲ್ಲಿನಲ್ಲಿದ್ದದ್ದೋ, ಯಂತ್ರ ಊಹಿಸಿದ್ದೋ ಎಂದು ಯಾರನ್ನು ಕೇಳುವುದು? ಸ್ಫುಟವಾಗಿ ಕಾಣುವುದು ಬೇರೆ, ಸತ್ಯವಾಗಿರುವುದು ಬೇರೆ. ಎರಡೂ ಕೂಡಿದರೆ ಭಾಗ್ಯ. ಒಂದನ್ನೇ ಆರಿಸಬೇಕಾಗಿ ಬಂದರೆ ಮಬ್ಬಾದ ಸತ್ಯವೇ ಮೇಲು.

ಆದುದರಿಂದ ನಾನು ಹೇಳುವ ನಿಯಮ ಒಂದೇ. ಮೂಲಪ್ರತಿಯನ್ನು ಮುಟ್ಟಬಾರದು, ಪ್ರತಿಯೊಂದು ಅಗತ್ಯಕ್ಕೂ ಅದರಿಂದಲೇ ನೇರವಾಗಿ ಹೊಸ ಪ್ರತಿ ತೆಗೆಯಬೇಕು. ಕ್ಯಾಮರಾ ಕೊಟ್ಟ ಕಡತವನ್ನು, ಅದು ರಾ ಎಂಬ ಹಸಿ ರೂಪದಲ್ಲಿದ್ದರೆ ಅದನ್ನೇ, ಕನಿಷ್ಠ ಎರಡು ಬೇರೆ ಬೇರೆ ಜಾಗಗಳಲ್ಲಿ ಇಡಬೇಕು. ತಿದ್ದಿದ ರೂಪವನ್ನು ಟಿಫ್‌ನಂಥ ನಷ್ಟವಿಲ್ಲದ ಬಗೆಯಲ್ಲಿ ಉಳಿಸಬೇಕು. ಕಾಗದಕ್ಕೆ ಒಂದು, ಪರದೆಗೆ ಒಂದು, ನೆಂಟರಿಗೆ ಒಂದು ಎಂದು ಆಗಾಗ ತೆಗೆದ ಪ್ರತಿಗಳನ್ನು ಕೆಲಸ ಮುಗಿದ ಮೇಲೆ ಅಳಿಸಿದರೂ ನಷ್ಟವಿಲ್ಲ. ಮದುವೆ ಮುಂಜಿಗಳಲ್ಲಿ ಚಿತ್ರ ತೆಗೆದವರು ಯಾರೆಂಬುದನ್ನೂ ಒಂದು ಕಡೆ ಬರೆದಿಟ್ಟಿರಬೇಕು.

ನಮ್ಮ ಕಲಾಸಿಪಾಳ್ಯಕ್ಕೆ ಕೂಗಳತೆಯಲ್ಲಿ, ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಇದೆ. ರೈಸ್ ಅವರು 1898ರಲ್ಲಿ ಅಚ್ಚು ಮಾಡಿಸಿದ್ದ ಪಂಪಭಾರತವನ್ನು ಪರಿಷತ್ತು 1931ರಲ್ಲಿ ಹೊಸದಾಗಿ ಪರಿಷ್ಕರಿಸಿ ಹೊರತಂದಿತು. ಅಚ್ಚಾದ ಪುಸ್ತಕವೊಂದು ಕೈಯಲ್ಲಿದ್ದರೂ ಅದನ್ನೇ ತಿದ್ದುತ್ತ ಕೂರದೆ ಆ ಸಂಪಾದಕರು ಓಲೆಗರಿಗಳ ಬಳಿಗೇ ಮರಳಿದರು. ಹಾಗೆ ಮರಳಿ ಹೋಗಲು ಗರಿಗಳು ಉಳಿದಿದ್ದವು. ಯಾವುದೋ ಮಠದ, ಯಾವುದೋ ಮನೆಯ ಅಟ್ಟದ ಮೇಲೆ ಅವನ್ನು ಬಟ್ಟೆಯಲ್ಲಿ ಸುತ್ತಿಟ್ಟವರ ಹೆಸರು ನಮಗೆ ತಿಳಿಯದು. ನಮ್ಮ ಮಕ್ಕಳು ಮೊಮ್ಮಕ್ಕಳು ಮರಳಿ ಬಂದು ಹುಡುಕುವ ದಿನಕ್ಕೆ ನಾವೂ ಅಂಥ ಒಂದು ಗಂಟನ್ನು ಕಟ್ಟಿಟ್ಟಿರೋಣ.